ತಟ್ಟೆಯಡಿಯ ಹೆಸರು

ಆ ಶನಿವಾರ ಬೆಳಗ್ಗೆ ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ರಾತ್ರಿ ಮಳೆ ಬಂದಿರಲಿಲ್ಲ. ಗಾಳಿ ಜೌಗಿನ ಹುಲ್ಲಿನ ತುದಿಯನ್ನೂ ಅಲುಗಿಸುತ್ತಿರಲಿಲ್ಲ. ಆದರೂ ಯೂಲಾ ಪಿಂಡರಳ ಮನೆಯ ಮುಂದಿನ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತು, ಅದರೊಳಗೆ ಅಕ್ಟೋಬರಿನ ನೀಲಿ ಆಕಾಶ ತಲೆಕೆಳಗಾಗಿ ಮಲಗಿತ್ತು. ಅದು ಚೆಸಪೀಕ್ ಕೊಲ್ಲಿಯ ನೀರು. ಅಜ್ಜಿಯ ಕಾಲದಲ್ಲಿ ಬಿರುಗಾಳಿ ಎದ್ದರೆ ಮಾತ್ರ ಬರುತ್ತಿದ್ದದ್ದು, ಅಮ್ಮನ ಕಾಲದಲ್ಲಿ ವರ್ಷಕ್ಕೊಮ್ಮೆ ಬಂದುಹೋಗುತ್ತಿದ್ದದ್ದು, ಈಗ ಅಮಾವಾಸ್ಯೆಗೂ ಹುಣ್ಣಿಮೆಗೂ ಹೇಳದೆ ಕೇಳದೆ ಬಂದು ಕೂರುವ ನೆಂಟನಾಗಿತ್ತು.

ಯೂಲಾ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಸೇಬು ತುಂಬುವ ಮರದ ಪೆಟ್ಟಿಗೆ; ಅದರಲ್ಲಿ ದಿಂಬಿನ ಚೀಲಗಳಲ್ಲಿ ಸುತ್ತಿಟ್ಟ ಮೂರು ಪಿಂಗಾಣಿ ತಟ್ಟೆಗಳು. ತಮ್ಮ ಲೆಮ್ ತನ್ನ ಹಳೇ ಟ್ರಕ್ಕನ್ನು ನೀರಿನಲ್ಲಿ ನಿಧಾನವಾಗಿ ನಡೆಸಿಕೊಂಡು ಬಂದು ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದ.

"ಅಕ್ಕಾ, ಗಾಡಿ ಸಾಕಾ, ಇಲ್ಲ ದೋಣಿ ತರ್ಲಾ?"

"ಮೊದ್ಲು ಈ ಪೆಟ್ಟಿಗೆ ಹಿಡ್ಕೊ. ಬಾಯಿ ಆಮೇಲೆ ಆಡ್ಸು."

"ಉಪ್ಪುನೀರು ನನ್ ಬ್ರೇಕ್ ತಿಂದ್ಹಾಕ್ತಾ ಇದೆ. ಅಧ್ಯಕ್ಷರ ತಟ್ಟೆ ಮಾರಿದ್ಮೇಲೆ ಎರಡು ಬ್ರೇಕು ಹಾಕ್ಸಿಕೊಡು."

ಯೂಲಾ ನಗಲಿಲ್ಲ. ತಮ್ಮ ಅವಳನ್ನು ನಗಿಸಲೆಂದೇ ಹಾಗೆನ್ನುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆ ತಟ್ಟೆಗಳ ದುಡ್ಡು ಎಲ್ಲಿಗೆ ಹೋಗಬೇಕೆಂಬುದು ಅವನಿಗೂ ಗೊತ್ತಿತ್ತು.

ದಾರಿಯಲ್ಲಿ ಚರ್ಚು ಸಿಕ್ಕಿತು. ಲೆಮ್ ಟೋಪಿ ತೆಗೆದ. ಯೂಲಾ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡವಳು ಮುಚ್ಚಲಾರದೆ ನೋಡಿದಳು. ಚರ್ಚಿನ ಹಿಂದಿನ ಸಮಾಧಿಗಳ ನೆಲ ಜೌಗಿನ ಕಡೆಗೆ ಇಳಿಜಾರು. ಮೇಲಿನ ಸಾಲುಗಳ ಕಲ್ಲುಗಳು ಒಣಗಿದ್ದವು. ಕೊನೆಯ ಸಾಲಿನವು ನೀರಿನಲ್ಲಿ ನಿಂತಿದ್ದವು. ಆ ಸಾಲಿನ ಮೂರನೆಯದು ಅವಳ ಮಗ ರೋಲಂಡನದು. ನೀರು ಅವನ ಹೆಸರಿನ ಕೆಳಗಿನ ಇಸವಿಯನ್ನು ಮುಚ್ಚಿತ್ತು. ಹೆಸರನ್ನು ಇನ್ನೂ ಮುಟ್ಟಿರಲಿಲ್ಲ. ಕಳೆದ ವಸಂತದಲ್ಲಿ ಅದೇ ಸಾಲಿನ ಸಾರಾ ಚಿಕ್ಕಮ್ಮನ ಶವಪೆಟ್ಟಿಗೆ ನೆಲ ಬಿಟ್ಟು ಮೇಲೆದ್ದು ತೇಲಿತ್ತು. ನೀರು ಇಳಿಯುವವರೆಗೆ ಗಂಡಸರು ಅದನ್ನು ಹಗ್ಗ ಹಾಕಿ ದೇವದಾರು ಮರಕ್ಕೆ ಕಟ್ಟಿ ನಿಲ್ಲಿಸಿದ್ದರು. ದೋಣಿ ಕಟ್ಟಿದ ಹಾಗೆ. ಆ ಹಗ್ಗದ ಗುರುತು ಮರದ ತೊಗಟೆಯಲ್ಲಿ ಇನ್ನೂ ಇತ್ತು.

ಊರಾಚೆಯ ದಿಬ್ಬದ ಮೇಲೆ ಚರ್ಚಿಗೆ ಹೊಸ ಜಾಗ ಸಿಕ್ಕಿತ್ತು. ಆದರೆ ರೋಲಂಡನನ್ನು ಮಣ್ಣಿನಿಂದ ಎತ್ತಿ, ಹೊಸ ಪೆಟ್ಟಿಗೆಯಲ್ಲಿಟ್ಟು, ಅಲ್ಲಿ ಮಲಗಿಸಲು ಏಳು ಸಾವಿರ ಡಾಲರ್. ಸಂಸ್ಕಾರದ ಕೆಲಸ ನೋಡಿಕೊಳ್ಳುವವನು ಒಳ್ಳೆಯ ಮಾತಿನಲ್ಲೇ ಹೇಳಿದ್ದ: "ಹುಣ್ಣಿಮೆ ಒಳಗೆ ತೆಗೆದ್ರೆ ಸರಿ ಮಿಸ್ ಯೂಲಾ. ಹುಣ್ಣಿಮೆ ಉಬ್ಬರ ಬಂದ್ಮೇಲೆ ಆ ನೆಲಕ್ಕೆ ಯಂತ್ರ ಇಳಿಯಲ್ಲ. ಆಮೇಲೆ ಮುಂದಿನ ಬೇಸಿಗೇನೇ." ಹುಣ್ಣಿಮೆಗೆ ಎರಡು ವಾರ ಉಳಿದಿತ್ತು. ಬೇಸಿಗೆಯವರೆಗೆ ಆ ಕಲ್ಲಿನ ಕೆಳಗೆ ಏನು ಉಳಿಯುತ್ತದೆ, ಏನು ಹಗ್ಗ ಕಟ್ಟಿಸಿಕೊಳ್ಳುತ್ತದೆ ಎಂಬುದನ್ನು ಯೂಲಾ ಪ್ರಾರ್ಥನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ಉಳಿದದ್ದು ತಟ್ಟೆಗಳು. ಅವಳ ಮುತ್ತಜ್ಜ ಐಸಾಕ್ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ಮನೆಯ ಅಡುಗೆ ಉಗ್ರಾಣದಲ್ಲಿ ಪಾತ್ರೆ ಕಾಯುತ್ತಿದ್ದವನು. ಹೊಸ ಅಧ್ಯಕ್ಷರ ಹೆಂಡತಿಗೆ ಹೊಸ ತಟ್ಟೆಗಳ ಮೇಲೆ ಮನಸ್ಸಾಗಿ, ಹಳೆಯ, ಅಂಚು ಮುಕ್ಕಾದವನ್ನು ಪೀಪಾಯಿಗೆ ತುಂಬಿ ಬೀದಿಯಲ್ಲಿ ಹರಾಜು ಕೂಗಿದಾಗ, ಐಸಾಕ್ ತನ್ನ ಕೈಯಾರೆ ಇಪ್ಪತ್ತು ವರ್ಷ ತೊಳೆದ ತಟ್ಟೆಗಳಲ್ಲಿ ನಾಲ್ಕನ್ನು ದುಡ್ಡು ಕೊಟ್ಟು ಕೊಂಡು ತಂದಿದ್ದ. ನೀಲಿ ಅಂಚು, ಅಂಚಿಗೆ ಚಿನ್ನದ ಗೆರೆ, ನಡುವೆ ರೆಕ್ಕೆ ಬಿಚ್ಚಿದ ಹದ್ದು. ಬೇರೆ ಮನೆಯವರಾಗಿದ್ದರೆ ಗಾಜಿನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಿಂಡರರ ಮನೆಯಲ್ಲಿ ಹಾಗಲ್ಲ. "ತಟ್ಟೆ ಇರೋದು ಊಟಕ್ಕೆ," ಎನ್ನುತ್ತಿದ್ದಳು ಯೂಲಾಳ ಅಮ್ಮ. ಚರ್ಚಿನ ಸಾಮೂಹಿಕ ಊಟಕ್ಕೆ, ಸಾವಿನ ಮನೆಗೆ, ಬಾಣಂತಿಯ ಮನೆಗೆ ಹುರಿದ ಕೋಳಿಯೋ ಬೆಣ್ಣೆ ಕೇಕೋ ಆ ಹದ್ದಿನ ಮೇಲೆ ಕೂತೇ ಹೋಗುತ್ತಿತ್ತು. ಹತ್ತು ಮನೆಯ ಪಾತ್ರೆಗಳ ನಡುವೆ ಕಳೆದುಹೋಗದಿರಲಿ ಎಂದು ಊರಿನ ಎಲ್ಲ ಹೆಂಗಸರಂತೆ ಅವಳ ಅಮ್ಮನೂ ತಟ್ಟೆಯ ಅಡಿಗೆ ಒಂದು ತುಂಡು ಕಾಗದದ ಟೇಪು ಅಂಟಿಸಿ ಹೆಸರು ಬರೆದಿದ್ದಳು. ಅದು ಮಾಸಿದಾಗ ಅದರ ಮೇಲೆ ಇನ್ನೊಂದು. ಅಮ್ಮ ಹೋದ ಮೇಲೆ ಯೂಲಾ ತನ್ನ ಹೆಸರಿನದನ್ನು ಅದರ ಮೇಲೇ ಅಂಟಿಸಿದಳು. ಹೀಗೆ ಹೋದ ತಟ್ಟೆಯನ್ನು ಯಾರೂ ಖಾಲಿ ಹಿಂತಿರುಗಿಸುತ್ತಿರಲಿಲ್ಲ. ನಾಲ್ಕು ಮೊಟ್ಟೆಯಾದರೂ, ಒಂದು ಹಿಡಿ ಹುರುಳಿಕಾಯಿಯಾದರೂ ಅದರ ಮೇಲೆ ಇರಲೇಬೇಕು.

ನಾಲ್ಕರಲ್ಲಿ ಮೂರು ಮಾತ್ರ ಈಗ ಪೆಟ್ಟಿಗೆಯಲ್ಲಿದ್ದವು. ನಾಲ್ಕನೆಯದು ಎಲ್ಲಿದೆ ಎಂಬ ಮಾತು ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಬಂದಿರಲಿಲ್ಲ.

ಹರಾಜು ಅಗ್ನಿಶಾಮಕ ದಳದ ಸಭಾಂಗಣದಲ್ಲಿ. ಬಾಗಿಲಲ್ಲಿ ಹೆಂಗಸರು ಕೊಲ್ಲಿಯ ಸಿಂಪಿಯ ಮಾಂಸ ಕರಿದು ಬ್ರೆಡ್ಡಿನ ನಡುವೆ ಇಟ್ಟು ಮಾರುತ್ತಿದ್ದರು. ಒಳಗೆ ಉದ್ದದ ಮೇಜುಗಳ ಮೇಲೆ ಮರದ ಬಾತುಕೋಳಿಗಳು, ಲಾಟೀನುಗಳು, ತುಕ್ಕು ಹಿಡಿದ ಗರಗಸಗಳು. ಹಾರ್ಲನ್ ಟಾಡ್ ಎದ್ದು ಬಂದ. ಅಜ್ಜನ ಕಾಲದಿಂದ ಹರಾಜು ಕೂಗುವ ಮನೆತನದವನು; ಬಿಳಿಯ, ಐವತ್ತು ದಾಟಿದವನು, ಮಾಮೂಲಿ ಮಾತನ್ನೂ ಅರ್ಧ ಹಾಡಿನಂತೆ ಆಡುವವನು. ಲೆಮ್ ಫೋನಿನಲ್ಲಿ ಕಳಿಸಿದ ಚಿತ್ರ ನೋಡಿ, "ಹಿಂಬದಿ ನೋಡ್ದೆ ಏನೂ ಹೇಳಲ್ಲ. ಆದ್ರೆ ನಿಜವಾಗ್ಲೂ ಆ ಮನೇದೇ ಆಗಿದ್ರೆ ಒಂದೊಂದು ಮೂರು ಸಾವಿರಕ್ಕೆ ಕಮ್ಮಿ ಇಲ್ಲ," ಎಂದಿದ್ದವನು ಅವನೇ.

ಅವನು ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹದ್ದನ್ನು ನೋಡಿ ಮೆಲ್ಲಗೆ ಸಿಳ್ಳೆ ಹಾಕಿದ. ಆಮೇಲೆ ಮಗುಚಿದ. ಸಿಳ್ಳೆ ಅರ್ಧಕ್ಕೆ ನಿಂತಿತು. ಎರಡನೆಯದನ್ನು ಮಗುಚಿದ. ಮೂರನೆಯದನ್ನೂ. ಮೂರೂ ಅಡಿಗಳು ಹಾಲಿನಂತೆ ಬೆಳ್ಳಗಿದ್ದವು.

"ಇದನ್ನ... ತೊಳೆದ್ರಾ, ಮಿಸ್ ಯೂಲಾ?"

"ತೊಳೀದೆ ಇರ್ತೀನಾ? ಅಡೀಲಿ ಮೂವತ್ತು ವರ್ಷದ ಟೇಪು, ಅಂಟು, ಕರೀ ಕೊಳೆ. ನಾಲ್ಕು ಜನ ದೊಡ್ಡೋರು ಕೈಲಿ ಹಿಡ್ದು ನೋಡೋ ವಸ್ತು. ಪಿಂಡರ್ ಮನೆ ಹೆಂಗಸರಿಗೆ ಪಾತ್ರೆ ತೊಳೆಯೋಕೆ ಬರಲ್ಲ ಅನ್ನಿಸ್ಕೊಳ್ಳಲಾ?" ಅವಳ ದನಿಯಲ್ಲಿ ತುಸು ಹೆಮ್ಮೆಯೇ ಇತ್ತು. "ಬಿಸಿನೀರಲ್ಲಿ ನೆನೆಹಾಕಿ, ಸ್ಟೀಲ್ ನಾರಲ್ಲಿ ತಿಕ್ಕಿದೀನಿ. ಮುಂದ್ಗಡೆ ಮುಟ್ಟಿಲ್ಲ, ಚಿನ್ನ ಹೋಗತ್ತೆ ಅಂತ ಗೊತ್ತು. ಹಿಂದ್ಗಡೆ ಮಾತ್ರ."

"ಟೇಪಿನ ಕೆಳಗೆ ಏನಾದ್ರೂ ಇತ್ತಾ? ಕೆಂಪು ಅಕ್ಷರ?"

ಯೂಲಾಗೆ ನೀರಿನ ಬಣ್ಣ ನೆನಪಾಯಿತು. ಗುರುವಾರ ಮಧ್ಯಾಹ್ನ, ಅಡುಗೆಮನೆಯ ಬೋಗುಣಿಯಲ್ಲಿ, ನಾರಿನ ಕೆಳಗಿಂದ ಎದ್ದ ತೆಳು ಗುಲಾಬಿ ಬಣ್ಣದ ನೊರೆ. ತುಕ್ಕಿರಬೇಕು ಅಂದುಕೊಂಡು ಇನ್ನಷ್ಟು ಬಲವಾಗಿ ತಿಕ್ಕಿದ್ದಳು.

ಅವಳ ಕಣ್ಣು ತಟ್ಟೆಯ ಬೆಳ್ಳನೆಯ ಅಡಿಗೆ ಹೋಯಿತು. ಹಾರ್ಲನ್ ಟಾಡನಿಗೆ ಉತ್ತರ ಸಿಕ್ಕಿತು.

"ಮಾಡಿದ ಕಾರ್ಖಾನೆ ಮುದ್ರೆ ಅದು," ಎಂದ, ಈ ಸಲ ಹಾಡಿಲ್ಲದೆ. "ಯಾವ ಮನೆಗೆ, ಯಾವ ಇಸವಿ, ಎಲ್ಲ ಅದ್ರಲ್ಲೇ ಇರತ್ತೆ. ಆ ಕೆಂಪು ಬಣ್ಣ ಹೊಳಪಿನ ಲೇಪದ ಮೇಲೆ ಒತ್ತಿರೋದು, ತಿಕ್ಕಿದ್ರೆ ಹೋಗತ್ತೆ. ಟೇಪು ಹಾಗೇ ಇದ್ದಿದ್ರೆ ಟೇಪೇ ಅದನ್ನ ಕಾಪಾಡ್ತಿತ್ತು. ಈ ಹದ್ದಿಗೆ ಆಮೇಲೆ ನೂರು ಜನ ನಕಲು ಮಾಡಿದಾರೆ. ನಿಮ್ಮ ಮುತ್ತಜ್ಜನ ಮಾತು ನಾನು ನಂಬ್ತೀನಿ. ಆದ್ರೆ ಫೋನಲ್ಲಿ ಬೆಲೆ ಕೂಗೋ ಜನ ನಂಬಲ್ಲ."

"ಏನೂ ದಾರಿ ಇಲ್ವಾ?" ಲೆಮ್ ಕೇಳಿದ.

"ಇದರ ಜೊತೇದು ಇನ್ನೊಂದು ಇದ್ರೆ, ತಿಕ್ಕದೇ ಇರೋದು, ಒಂದೇ ಒಂದು... ಅದ್ರ ಪಕ್ಕ ಇಟ್ಟು ಈ ಮೂರನ್ನೂ ಮಾರ್ತೀನಿ. ನಿಮ್ಮ ಸರದಿ ಹನ್ನೊಂದು ಗಂಟೆಗೆ. ಮಧ್ಯಾಹ್ನ ಮೂರರವರೆಗೆ ತಳ್ತೀನಿ. ಅದಕ್ಕಿಂತ ಆಗಲ್ಲ. ದೋಣಿ ಯಂತ್ರಗಳಿಗೆ ಜನ ಕಾಯ್ತಿರ್ತಾರೆ."

ಟ್ರಕ್ಕಿನಲ್ಲಿ ಲೆಮ್ ಕೀಲಿ ತಿರುಗಿಸದೆ ಅಕ್ಕನ ಕಡೆ ನೋಡಿದ. ಇಬ್ಬರಿಗೂ ಗೊತ್ತಿದ್ದ ಹೆಸರನ್ನು ಯಾರು ಮೊದಲು ಆಡುವುದೆಂದು.

"ನೆಟ್ಟಿ ಮನೆಗೆ ನಡಿ," ಎಂದಳು ಯೂಲಾ.

ನೆಟ್ಟಿ ಕಾರ್ನಿಶ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ಒಂದೇ ದಿನ ದೀಕ್ಷಾಸ್ನಾನ ಪಡೆದವಳು. ಒಂಬತ್ತು ವರ್ಷದ ಹಿಂದೆ ನೆಟ್ಟಿಯ ಗಂಡ ತೀರಿಕೊಂಡಾಗ ಯೂಲಾ ಬೆಣ್ಣೆ ಕೇಕು ಮಾಡಿ ನಾಲ್ಕನೆಯ ತಟ್ಟೆಯಲ್ಲಿಟ್ಟು ತೆಗೆದುಕೊಂಡು ಹೋಗಿದ್ದಳು. ತಟ್ಟೆ ಹಿಂತಿರುಗುವ ಮೊದಲೇ ಆ ಜನವರಿ ಬಂತು. ನೆಟ್ಟಿಯ ಮಗ ಕಾರ್ಲಿಸ್ ಮತ್ತು ಯೂಲಾಳ ರೋಲಂಡ್ ಸಿಂಪಿ ಹೆಕ್ಕುವ ದೋಣಿಯ ಕೆಲಸ ಮುಗಿಸಿ ಒಂದೇ ಗಾಡಿಯಲ್ಲಿ ಬರುತ್ತಿದ್ದರು. ಕಾರ್ಲಿಸ್ ಓಡಿಸುತ್ತಿದ್ದ. ಹಿಮಗಟ್ಟಿದ ರಸ್ತೆಯಿಂದ ಗಾಡಿ ಜಾರಿ ಕಾಲುವೆಗೆ ಬಿತ್ತು. ಕಾರ್ಲಿಸ್ ಈಜಿ ಮೇಲೆ ಬಂದ. ಮಣ್ಣು ಮಾಡುವ ದಿನ, ಇಡೀ ಊರಿನೆದುರು, ಯೂಲಾ ನೆಟ್ಟಿಗೆ ಒಂದು ಮಾತು ಹೇಳಿದಳು: "ನಿನ್ನ ಮಗನಿಗೆ ತಾನು ಈಜೋಕೆ ಎರಡು ಕೈ ಇತ್ತು. ನನ್ನ ಮಗನ್ನ ಹಿಡಿಯೋಕೆ ಒಂದೂ ಇರ್ಲಿಲ್ವಾ?" ನೆಟ್ಟಿ ತಿರುಗಿ ಹೋದಳು. ಮುಂದಿನ ಭಾನುವಾರದಿಂದ ಆ ಚರ್ಚಿನಲ್ಲಿ ಅವಳ ಜಾಗ ಖಾಲಿಯಾಯಿತು. ಕಾರ್ಲಿಸ್ ಊರು ಬಿಟ್ಟ.

ನೆಟ್ಟಿಯ ಮನೆ ನೀರಿಗೆ ಹೆದರಿ ಇಟ್ಟಿಗೆಯ ಕಂಬಗಳ ಮೇಲೆ ನಿಂತಿತ್ತು. ಯೂಲಾ ಒಬ್ಬಳೇ ಮೆಟ್ಟಿಲು ಹತ್ತಿದಳು. ಜಾಲರಿ ಬಾಗಿಲಿನ ಆಚೆ ಮರದ ಬಾಗಿಲು ಮುಚ್ಚಿತ್ತು. ಒಳಗೆ ಟಿವಿ ಮಾತಾಡುತ್ತಿತ್ತು. ಅವಳು ತಟ್ಟಿದಳು. ಟಿವಿ ನಿಂತಿತು.

"ನೆಟ್ಟಿ, ನಾನು. ಯೂಲಾ."

ಅವಳು ಇನ್ನೊಮ್ಮೆ ತಟ್ಟಿದಳು.

"ಆ ತಟ್ಟೆ ಬೇಕಿತ್ತು. ಅಮ್ಮನ ತಟ್ಟೆ. ಮೂರು ಗಂಟೆ ಒಳಗೆ, ಹರಾಜಿಗೆ."

ಒಳಗೆ ಕುರ್ಚಿಯೊಂದು ಕಿರುಗುಟ್ಟಿತು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಹಲಗೆಯ ಆಚೆ ಯಾರೋ ಉಸಿರಾಡುವುದು ಕೇಳಿಸುತ್ತಿತ್ತು. ಯೂಲಾ ಜಾಲರಿಗೆ ಹಣೆ ಒತ್ತಿದಳು. ಸಮಾಧಿಗೆ ನೀರು ಬರತೊಡಗಿದ ಎರಡು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದೇ ಹೊರಗೆ ಬಂತು.

"ಅವನು ಇನ್ನೂ ನೀರಲ್ಲೇ ಇದಾನೆ ಕಣೇ. ರೋಲಂಡ್. ಇನ್ನೂ ನೀರಲ್ಲೇ ಇದಾನೆ."

ಚಿಲಕದ ಮೇಲೆ ಒಂದು ಕೈ ಬಿದ್ದ ಸದ್ದಾಯಿತು. ಚಿಲಕ ಸರಿಯಲಿಲ್ಲ. ಯೂಲಾ ನೂರರವರೆಗೆ ಎಣಿಸುವಷ್ಟು ಹೊತ್ತು ನಿಂತಳು. ಆಮೇಲೆ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

"ಏನಂದ್ಲು?"

"ಮನೇಲಿ ಯಾರೂ ಇಲ್ಲ."

"ಟಿವಿ ಸದ್ದು ನಂಗೂ ಕೇಳ್ಸಿತ್ತು ಅಕ್ಕ."

"ಮನೇಲಿ ಯಾರೂ ಇಲ್ಲ ಅಂದೆ. ಗಾಡಿ ತೆಗಿ ಲೆಮ್."

ಮೂರು ಗಂಟೆಯ ಹೊತ್ತಿಗೆ ಸಭಾಂಗಣದ ಗಾಳಿ ಬೆವರಿಗೂ ಕರಿದ ಎಣ್ಣೆಗೂ ಸಿಕ್ಕಿ ದಪ್ಪವಾಗಿತ್ತು. ಹೆಬ್ಬೆರಳಿನ ಗಾತ್ರದ ಭೂತಗನ್ನಡಿ ಇಟ್ಟುಕೊಂಡಿದ್ದ ವಾಷಿಂಗ್ಟನ್ನಿನ ಒಬ್ಬ ಗಿರಾಕಿ ತಟ್ಟೆಗಳನ್ನು ಆಗಲೇ ಮಗುಚಿ ನೋಡಿ, ಹಾಗೇ ಇಟ್ಟು, ಕೈ ಒರೆಸಿಕೊಂಡು ಹೋಗಿದ್ದ. ಯೂಲಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಪ್ರತಿ ಸಲ ಹಿಂದಿನ ಬಾಗಿಲು ಕಿರ್ ಎಂದಾಗಲೂ ಕತ್ತು ತಾನಾಗಿ ತಿರುಗುತ್ತಿತ್ತು. ಸಿಂಪಿ ಬ್ರೆಡ್ಡು ಹಿಡಿದವರು, ಮಗು ಎತ್ತಿಕೊಂಡವರು, ಬರುವವರು, ಹೋಗುವವರು.

ಹಾರ್ಲನ್ ಟಾಡ್ ಕಟ್ಟೆ ಹತ್ತಿದ. ಮೊದಲ ತಟ್ಟೆಯನ್ನು ಎತ್ತಿ ತೋರಿಸಿದ.

"ಈ ಊರಿನ ಪಿಂಡರ್ ಮನೆತನದ ತಟ್ಟೆಗಳು. ಅಧ್ಯಕ್ಷರ ಮನೆಯಿಂದ ಬಂದವು ಅಂತ ಮನೆಯವರ ಹೇಳಿಕೆ. ಮುದ್ರೆ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೀನಿ. ಮೂರೂ ಒಟ್ಟಿಗೆ, ಒಂದರ ಬೆಲೆ ಕೂಗಿ, ಅದರ ಮೂರರಷ್ಟು ಕೊಡಿ. ನೂರು ಯಾರು? ನೂರು ನೂರು ನೂರು, ಐವತ್ತಾದ್ರೂ ಯಾರು? ಐವತ್ತೈವತ್ತೈವತ್ತು, ಇಪ್ಪತ್ತು! ಅಲ್ಲಿ ಇಪ್ಪತ್ತು, ಇಪ್ಪತ್ತಕ್ಕೆ ಇಪ್ಪತ್ತೈದು ಕೊಡ್ತೀರಾ, ಕೊಡ್ತೀರಾ, ಕೊಟ್ರು! ಮೂವತ್ತು ಮೂವತ್ತು ಮೂವತ್ತು..."

ಹಿಂದಿನ ಸಾಲಿನಲ್ಲಿ ಒಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ಗೋಡೆಗೆ ನೇತ್ಹಾಕಿದ್ರೆ ಚೆನ್ನಾಗಿರತ್ತೆ, ಅಡುಗೆಮನೇಲಿ."

"ಹದ್ದು ನೋಡಿದ್ರೆ ನನ್ ಗಂಡ ಊಟ ಬಿಡ್ತಾನೆ."

"ಹಂಗಾದ್ರೆ ಎರಡು ತಗೊ."

ಅವರು ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ ಅದು. ಆದರೆ ಅದು ಯೂಲಾಳ ಬೆನ್ನಿನ ಮೇಲೆ ತಣ್ಣೀರಿನಂತೆ ಇಳಿಯಿತು.

"ನಲವತ್ತೈದು, ನಲವತ್ತೈದಕ್ಕೆ ಐವತ್ತು, ಐವತ್ತು ಯಾರೂ ಇಲ್ವಾ? ನಲವತ್ತೈದು ಒಂದು ಸಲ..."

ನಲವತ್ತೈದರ ಮೂರರಷ್ಟು. ಹೊಸ ಶವಪೆಟ್ಟಿಗೆಯ ಹಿಡಿಗಳೂ ಬರುವುದಿಲ್ಲ. ಆದರೂ ಸೊನ್ನೆಗಿಂತ ಹೆಚ್ಚು. ಲೆಮ್ ಅವಳ ಮೊಣಕೈ ಮುಟ್ಟಿ, ತಲೆಯಾಡಿಸಿ, ಹೋಗಲಿ ಬಿಡು ಎಂಬಂತೆ ನೋಡಿದ. ಯೂಲಾ ಎತ್ತಿ ಹಿಡಿದ ತಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೆ ಕಂಡದ್ದು ಹದ್ದಲ್ಲ, ಕೆಳಗಿನ ಬೆಳ್ಳನೆಯ ಖಾಲಿ. ಅಮ್ಮನ ಹೆಸರಿದ್ದ ಜಾಗ, ತನ್ನ ಹೆಸರಿದ್ದ ಜಾಗ. ಎರಡನ್ನೂ ತನ್ನ ಕೈಯಾರೆ ಉಜ್ಜಿ, ಗುಲಾಬಿ ನೀರಿನ ಜೊತೆ ಮೋರಿಗೆ ಸುರಿದಾಗಿತ್ತು.

"ಎರಡು ಸಲ..."

"ನಿಲ್ಸಿ," ಎಂದಳು. ಎದ್ದು ನಿಂತಿದ್ದು ಅವಳಿಗೇ ಗೊತ್ತಿರಲಿಲ್ಲ. "ನಿಲ್ಸಿ ಮಿಸ್ಟರ್ ಟಾಡ್. ಮಾರಲ್ಲ."

ಸಭೆ ತಿರುಗಿ ನೋಡಿತು. ಹಾರ್ಲನ್ ಟಾಡ್ ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದ. ಒಂದು ಕ್ಷಣ ಅವಳನ್ನು ನೋಡಿ, ಅದನ್ನು ಶಬ್ದವಾಗದಂತೆ ಮೇಜಿನ ಮೇಲಿಟ್ಟ.

"ಒಡತಿ ಹಿಂತೆಗೆದುಕೊಂಡಿದಾರೆ. ಮುಂದಿಂದು ತನ್ನಿ."

ಹೊರಗೆ ಬರುವವರೆಗೂ ಲೆಮ್ ತಡೆದುಕೊಂಡಿದ್ದ. "ನಿಂಗೇನಾಯ್ತಕ್ಕಾ? ನೂರ ಮೂವತ್ತೈದು ಡಾಲರು! ಹುಣ್ಣಿಮೆ ನಿನ್ನ ಮುಖ ನೋಡಿ ನಿಲ್ಲತ್ತಾ? ಆ ಮೂರು ತಟ್ಟೆ ಇಟ್ಕೊಂಡು ನೀರು ಗೋರ್ತೀಯಾ?"

"ಗೋರ್ತೀನಿ," ಎಂದಳು ಯೂಲಾ. ಮೊದಲ ಸಲ ಅವಳ ದನಿ ಒಡೆಯಿತು. "ಬೇರೆ ಏನೂ ಇಲ್ದಿದ್ರೆ ಅದೇ ಮಾಡ್ತೀನಿ. ನಾನೇ ಅಳಿಸಿದ್ದು ಲೆಮ್. ಬೇರೆ ಯಾರೂ ಅಲ್ಲ. ನಾನೇ ತಿಕ್ಕಿ ತಿಕ್ಕಿ ಅಳಿಸಿದ್ದು. ಕರ್ತನೇ, ನಾನೊಬ್ಳೇ."

ಲೆಮ್ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಗಾಡಿಗಳು ನಿಂತಿದ್ದ ಬಯಲಿನಲ್ಲಿ ಬಿಸಿಲು ಓರೆಯಾಗಿತ್ತು. ಅವನು ನಾಲ್ಕು ಹೆಜ್ಜೆ ನಡೆದವನು ನಿಂತುಬಿಟ್ಟ.

ಅವನ ಟ್ರಕ್ಕಿನ ಪಕ್ಕದಲ್ಲಿ ನೆಟ್ಟಿ ಕಾರ್ನಿಶ್ ನಿಂತಿದ್ದಳು.

ಭಾನುವಾರದ ಟೋಪಿ, ಭಾನುವಾರದ ಕೋಟು. ಬೂಟುಗಳು ಮಾತ್ರ ಒದ್ದೆಯಾಗಿ, ಕಾಲುಚೀಲಗಳಿಗೆ ಮೀನಖಂಡದವರೆಗೆ ಜೌಗಿನ ಕೆಸರು ಹತ್ತಿತ್ತು. ಅವಳ ಮನೆಯಿಂದ ಇಲ್ಲಿಗೆ ಎರಡೂವರೆ ಮೈಲಿ, ಅದರಲ್ಲಿ ಅರ್ಧ ನೀರು. ಎರಡು ಕೈಯಲ್ಲೂ ಎದೆಗೆ ಹತ್ತಿರ ಹಿಡಿದಿದ್ದ ಏನೋ ಒಂದರ ಮೇಲೆ ಚೌಕಳಿಯ ಅಡುಗೆಮನೆ ಬಟ್ಟೆ ಮುಚ್ಚಿತ್ತು. ಬಟ್ಟೆಯ ಮೂಲೆಯಿಂದ ಸಣ್ಣಗೆ ಬೆಚ್ಚನೆಯ ಘಮ ಏಳುತ್ತಿತ್ತು. ಗೆಣಸು, ಜಾಯಿಕಾಯಿ, ಬೆಣ್ಣೆಯ ವಾಸನೆ.

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ವಯಸ್ಸಾಗಿತ್ತು ಇಬ್ಬರಿಗೂ.

"ಆಗ ನೀನು ಬಂದಾಗ ಬಾಗಿಲು ತೆಗೀಬೇಕಿತ್ತು," ಎಂದಳು ನೆಟ್ಟಿ. "ಕೈಲಿ ಏನೂ ಇರ್ಲಿಲ್ಲ."

ಯೂಲಾಳ ಕಣ್ಣು ಚೌಕಳಿಯ ಬಟ್ಟೆಯ ಮೇಲಿತ್ತು.

"ಒಂಬತ್ತು ವರ್ಷ ಅದನ್ನ ಕಪಾಟಲ್ಲಿ ನೋಡ್ದೆ. ಇದ್ರ ಮೇಲೆ ಏನಿಟ್ಟು ಅವಳಿಗೆ ಕೊಡ್ಲಿ ಅಂತ. ಏನಿಟ್ರೆ ಸಾಕಾಗತ್ತೆ ಅಂತ." ಅವಳು ಬಟ್ಟೆಯ ಮೂಲೆಯನ್ನು ಸರಿಮಾಡಿದಳು; ಅದು ಸರಿಯಾಗಿಯೇ ಇತ್ತು. "ಇವತ್ತು ನೀನು ಹೋದ್ಮೇಲೆ ಮನೇಲಿ ಗೆಣಸಿತ್ತು. ಅಷ್ಟೇ ಇದ್ದಿದ್ದು. ಪೈ ಮಾಡ್ದೆ. ಬೇಯೋಕೇ ಹೊತ್ತಾಗೋಯ್ತು."

ಲೆಮ್ ಬೇರೆ ಕಡೆ ತಿರುಗಿ ನಿಂತ. ಸಭಾಂಗಣದೊಳಗಿಂದ ಹಾರ್ಲನ್ ಟಾಡನ ಕೂಗು ಇನ್ನೂ ಬರುತ್ತಿತ್ತು. ದೋಣಿ ಯಂತ್ರಗಳ ಸರದಿ ಮುಗಿದಿರಲಿಲ್ಲ.

ಯೂಲಾ ಹತ್ತಿರ ಹೋದಳು. ಅವಳು ತನ್ನ ಎರಡೂ ಕೈಗಳನ್ನು ನೆಟ್ಟಿಯ ಕೈಗಳ ಕೆಳಗೆ ತಂದಳು. ನೆಟ್ಟಿ ಬಿಟ್ಟಳು, ನಿಧಾನವಾಗಿ, ಒಂದೊಂದೇ ಬೆರಳಾಗಿ. ತಟ್ಟೆಯ ಭಾರ ಯೂಲಾಳ ಅಂಗೈಗೆ ಬಂತು, ಬೆಚ್ಚಗೆ. ಅವಳ ಬೆರಳುಗಳು ತಟ್ಟೆಯ ಅಡಿಯಲ್ಲಿ, ಪಿಂಗಾಣಿಯ ನುಣುಪಿನ ನಡುವೆ, ಒರಟಾದ ಒಂದು ತುಂಡು ಕಾಗದವನ್ನು ಮುಟ್ಟಿದವು. ಒಂದರ ಮೇಲೊಂದು ಪದರ. ಮೂಲೆ ಕೂಡ ಎದ್ದಿರಲಿಲ್ಲ.